ಏಳಿಸುವ ಕ್ವಿಜ್

ಮೈಕ್ ಆಫ್ ಮಾಡಿಕೊಂಡು ನಾಗವೇಣಿ ಸದ್ದಿಲ್ಲದೆ ಅವರೆಕಾಳು ಹಿತುಕುತ್ತಿದ್ದಳು. ನಾಲ್ಕಕ್ಕೆ ತಂಡದ ನಿದ್ದೆಯ ಪಾಳಿ ಮುಗಿಯಿತು. ತಂತಮ್ಮ ಮನೆಗಳಲ್ಲಿ ಮಲಗಿ, ನಿದ್ದೆಯಲ್ಲೇ ಕಂಪನಿಯ ಕೆಲಸ ಮಾಡುವ ಮೂವರ ತಂಡವನ್ನು ಕ್ವಿಜ್ ಆಡಿಸಿ ಏಳಿಸುವುದು ಅವಳ ಕೆಲಸ. ಪಾಳಿ ಮುಗಿದ ಹತ್ತು ನಿಮಿಷದೊಳಗೆ ಏಳದವರು ಮತ್ತೆಂದೂ ಏಳುವುದಿಲ್ಲ. ತಪ್ಪು ಉತ್ತರ ಕಿವಿಗೆ ಬಿದ್ದರೆ ಎಂಥ ನಿದ್ದೆಯೂ ಹಾರಿಹೋಗುತ್ತದೆಂದು ಅವಳು ಕಂಡುಕೊಂಡಿದ್ದಳು. ಮೈಕ್ ಆನ್ ಮಾಡಿದಳು.

“ಮೈಸೂರು ಪಾಕಿಗೆ ಯಾವ ಹಿಟ್ಟು? ಸರಿ ಉತ್ತರ, ರಾಗಿಹಿಟ್ಟು!”

“ಥೂ, ನಿನ್ನ ಕೈಯಡುಗೆ ತಿಂದೋರ ಗತಿಯೇನೇ!” ಎಂದು ಪರದೆಯಲ್ಲಿ ಗಿರಿಜಕ್ಕ ಕಣ್ಣುಬಿಟ್ಟಳು.

“ಕಡಲೆಹಿಟ್ಟು, ತಂಗೀ!” ಎಂದು ನಗುತ್ತ ಇಮಾಮಣ್ಣನೂ ಎದ್ದ.

ದಿನಾ ಎಲ್ಲರಿಗಿಂತ ಮೊದಲು ರೇಗಿ ಏಳುತ್ತಿದ್ದವರು ಪುಟ್ಟಮಾದಯ್ಯ ಮೇಷ್ಟ್ರು. ಇವತ್ತು ಕಣ್ಣು ತೆರೆಯದೆ ಮೆಲ್ಲಗೆ ಅಂದರು: “ನೀನು ಹೇಳಿದ ಮೇಲೆ ಸರಿಯೇ ಇರುತ್ತಮ್ಮ.”

“ನಾನು ಹೇಳಿದ್ದು ತಪ್ಪು, ಮೇಷ್ಟ್ರೇ.”

ಒಂದರ ಮೇಲೊಂದು ತಪ್ಪು ಉತ್ತರ ಹೇಳುತ್ತ ಹೋದಳು; ಎಲ್ಲಕ್ಕೂ ಮೇಷ್ಟ್ರು ನಿದ್ದೆಯಲ್ಲೇ ಹೂಂಗುಟ್ಟಿದರು. ಒಂದೇ ನಿಮಿಷ ಉಳಿದಿತ್ತು.

“ಒಂದ್ಸಲ ನನ್ನ ಬೈಯಿರಿ, ಮೇಷ್ಟ್ರೇ.”