ಹೊರೆ ಇಳಿಯುವ ಎತ್ತರ

2024ರ ಆಗಸ್ಟ್ 12, ಬೆಳಿಗ್ಗೆ 6 ಗಂಟೆ 40 ನಿಮಿಷ. ಕೊಳ್ಳೇಗಾಲದ ಸೊಪ್ಪಿನ ಮಾರುಕಟ್ಟೆಯ ಬಾಗಿಲಲ್ಲಿ, ಎರಡು ನಿಲುಗಲ್ಲುಗಳ ಮೇಲೆ ಅಡ್ಡ ಹಾಸಿದ್ದ ಹಳೆಯ ಚಪ್ಪಡಿಗೆ ಎಂಜಿನಿಯರ್ ಶಿವರಂಜನಿ ಕೆಂಪು ಗುರುತು ಹಾಕಿಸುತ್ತಿದ್ದಳು. ಹೊಸ ಮಾರುಕಟ್ಟೆಯ ನಕ್ಷೆಯಲ್ಲಿ ಅವಳು ಅದನ್ನು ‘ಅಡಚಣೆ’ ಎಂದು ಬರೆದಿದ್ದಳು. ಆಗ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದ ರಾಮಮ್ಮ, ಒಣಗದ ಬಣ್ಣಕ್ಕೆ ಸೆರಗು ತಾಗಿದ್ದನ್ನೂ ಗಮನಿಸದೆ, ಹೊರೆಯನ್ನು ಮೆಲ್ಲಗೆ ಚಪ್ಪಡಿಯ ಮೇಲೆ ಜಾರಿಸಿದಳು.

“ಈ ಕಲ್ಲು ತೆಗೀತೀವಿ ಅಮ್ಮ. ಇಲ್ಲಿ ನಿಮಗೆ ಕೂರೋಕೆ ಬೆಂಚು ಬರುತ್ತೆ,” ಎಂದಳು ಶಿವರಂಜನಿ.

“ಕುಂತ್ಕಳದು ಆಮ್ಯಾಕೆ ಕಣವ್ವಾ, ಮೊದ್ಲು ಒರೆ ಇಳೀಬೇಕಲ್ಲ. ನಮ್ ಕೇರಿಯೋರ್ ಒರೆಗೆ ಕೈ ಆಕಿ ಇಳಿಸೋರು ಅಷ್ಟ್ರಲ್ಲೇ ಅವ್ರೆ. ಯಾವ್ ಕೇರಿಯೋಳಮ್ಮಿ ನೀನು ಅಂತ ಈ ಕಲ್ಲು ಒಂದಿನಾನೂ ಕೇಳ್ನಿಲ್ಲ.”

ತನ್ನ ಮನೆಯ ಜಗಲಿಯ ಮುಂದೆ, ಇಳಿಸಿಕೊಳ್ಳಲು ಯಾರೂ ಕೈಹಾಕದೆ, ಹೊರೆ ಹೊತ್ತೇ ನಿಂತಿರುತ್ತಿದ್ದ ಹೆಂಗಸರು ಶಿವರಂಜನಿಗೆ ನೆನಪಾದರು. ಅವಳು ಬಗ್ಗಿ ಅಳತೆ ಟೇಪಿನ ತುದಿಯನ್ನು ರಾಮಮ್ಮನ ಪಾದದ ಬಳಿ ಇಟ್ಟು, ಭುಜದವರೆಗೆ ಎಳೆದಳು; ಚಪ್ಪಡಿಯ ಎತ್ತರವೂ ಅಷ್ಟೇ ಇತ್ತು.

“ಏನವ್ವಾ, ರವ್ಕೆ ಒಲಿಸ್ಕೊಟ್ಟೀರಾ?”

“ಇಲ್ಲಮ್ಮ. ಈ ಕಲ್ಲು ಇಲ್ಲೇ ಇರುತ್ತೆ. ಹೊಸ ಬಾಗಿಲಲ್ಲೂ ನಿಮ್ಮ ಅಳತೆಗೇ ಇನ್ನೊಂದು ನಿಲ್ಲಿಸ್ತೀನಿ. ನೀವು ಹೇಳಿದ್ದು ಒಳ್ಳೇದಾಯ್ತು.”

ರಾಮಮ್ಮ ಹೊರೆಯಿಂದ ಒಂದು ಕಂತೆ ದಂಟಿನ ಸೊಪ್ಪು ಎಳೆದು ಚಾಚಿದಳು. ಶಿವರಂಜನಿ ಎರಡೂ ಕೈಯಲ್ಲಿ ತೆಗೆದುಕೊಂಡಳು. ಆಮೇಲೆ ನಕ್ಷೆಯಲ್ಲಿ ‘ಅಡಚಣೆ’ ಎಂಬುದನ್ನು ಹೊಡೆದುಹಾಕಿ ಬರೆದಳು: ಹೊರೆ ಇಳಿಸುವ ಕಲ್ಲು, ಎತ್ತರ 124 ಸೆಂಟಿಮೀಟರ್.