ಕಾಕಾನ ಹೆಬ್ಬೆಟ್ಟು

ಚುರುಮುರಿಗೆ ಹುಣಸೆರಸ, ಹಸಿ ಉಳ್ಳಾಗಡ್ಡಿ ಬೆರೆಸಿದ ಗಿರಮಿಟ್ಟಿನ ವಾಸನೆ ಮೂಗಿಗೆ ಬಡಿದರೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ಕಮರಿಪೇಟೆಯ ನಮ್ಮ ಓಣಿಯ ಗುಡಿಯಲ್ಲಿ ಹಿತ್ತಾಳೆ ಗಂಟೆ ಕಳುವಾಗಿತ್ತು. ಮರುದಿನ ಮಧ್ಯಾಹ್ನ ಹವಾಲ್ದಾರ ನೇರ ನಮ್ಮ ಪಡಸಾಲೆಗೇ ಬಂದ. ಅಪ್ಪನ ತಮ್ಮ, ನನ್ನ ಕಾಕಾ, ತಲೆ ಸರಿಯಿಲ್ಲದೆ ಧಾರವಾಡದ ದವಾಖಾನೆಯ ಗುಳಿಗೆ ನುಂಗುತ್ತಿದ್ದದ್ದು ಓಣಿಗೆಲ್ಲ ಗೊತ್ತಿತ್ತು. ದೊಡ್ಡವರು ಏನು ಕೇಳಿದರೂ 'ಹೌದ್ರಿ' ಅನ್ನಬೇಕೆಂದು ಅಜ್ಜಿ ಅವನಿಗೆ ಕಲಿಸಿದ್ದಳು. ಬೇರೆ ಉತ್ತರವೇ ಅವನಿಗೆ ಬರುತ್ತಿರಲಿಲ್ಲ.

ಅಪ್ಪ ಹವಾಲ್ದಾರನಿಗೂ ಅವನ ಜೊತೆ ಬಂದಿದ್ದ ಗುಡಿಯ ಪಂಚರಿಗೂ ಗಿರಮಿಟ್ ತರಿಸಿದ.

"ಗಂಟಿ ನೀನ ಕದ್ದೀಯೇನೋ?" ಹವಾಲ್ದಾರ ಕೇಳಿದ.

"ಹೌದ್ರಿ."

ಎಣ್ಣೆಗೈಯಲ್ಲೇ ಬರೆದುಕೊಂಡ.

ನಾನು ತಡೆಯಲಾರದೆ ಕೂಗಿದೆ, "ಕಾಕಾ, ಆಕಾಶದಾಗಿನ ಚಂದ್ರನ್ನೂ ನೀನ ಕದ್ದೀಯೇನು?"

"ಹೌದ್ರಿ," ಅಂದ ಕಾಕಾ, ಅಷ್ಟೇ ವಿನಯದಿಂದ.

ಎಲ್ಲರೂ ನಕ್ಕರು. ಪಂಚರೊಬ್ಬರ ಬಾಯಿಂದ ಅಗಿದ ಚುರುಮುರಿ ಕಾಕಾನ ಅಂಗಿಯ ಮೇಲೆ ಉದುರಿತು. ಬರೆದ ಕಾಗದವನ್ನು ಮಾತ್ರ ಯಾರೂ ಹರಿಯಲಿಲ್ಲ.

"ಮನ್ಯಾಗಿದ್ರ ಎಲ್ಲಾರ್ಗೂ ಕಾಟ. ಜೇಲಿನಾಗ ಇರ್ಲಿ ಬಿಡ್ರಿ," ಅಂದ ಅಪ್ಪ, ಕಾಕಾನ ಹೆಬ್ಬೆಟ್ಟು ಹಿಡಿದು ಮಸಿಗೆ ಒತ್ತಿದ. ಗುರುತು ಮೂಡಿದ ಮೇಲೆ, ಗಿರಮಿಟ್ ಕಟ್ಟಿ ತಂದಿದ್ದ ಪೇಪರಿನಿಂದ ಆ ಬೆರಳನ್ನು ಜೋಪಾನವಾಗಿ ಒರೆಸಿದ.

"ಶಾಣ್ಯಾ ಅದಿ," ಅಂದ.

"ಹೌದ್ರಿ."