ಬಾಗಿಲು ತೆರೆಯುವ ಮೊದಲೇ ಬರೆದ ಚಿತ್ರ

"ಈ ಹುಡುಗಿ ಎಲ್ಲಿ ನಿಂತಿದ್ಲು, ಅದೊಂದು ಹೇಳಿ ಸ್ವಾಮಿ" ಎನ್ನುತ್ತ ಹೆಸ್ಟರ್ ಮುದುರಿದ ವಾರಪತ್ರಿಕೆಯನ್ನು ಆಂಬ್ರೋಸನ ಮೇಜಿನ ಮೇಲೆ ಹರಡಿದಳು.

ಅವನೇ ಬರೆದ ಚಿತ್ರ. ಹೈಡ್ ಪಾರ್ಕಿನ ಗಾಜಿನ ಅರಮನೆಯಲ್ಲಿ ಮಹಾಪ್ರದರ್ಶನದ ಉದ್ಘಾಟನೆ. ಕಾರಂಜಿಯ ಪಕ್ಕದ ಗುಂಪಿನಲ್ಲಿ ಒಂದು ಮುಖದ ಮೇಲೆ ಅವಳ ಬೆರಳು ಊರಿತ್ತು. ಅದು ಅವಳ ಮಗಳು ಟ್ಯಾಬಿತಾ. ಚಳಿಗಾಲದಲ್ಲಿ ಅಪ್ಪನ ಹೊಡೆತ ತಾಳದೆ ಮನೆ ಬಿಟ್ಟವಳ ಸುಳಿವೇ ಇರಲಿಲ್ಲ. ಚಿತ್ರ ಕಂಡಂದಿನಿಂದ ತಾಯಿ ಕಂಬಳಿ ಅಡವಿಟ್ಟು ಟಿಕೆಟ್ ಕೊಂಡು ಕಾರಂಜಿಯ ಬಳಿ ಕಾಯುತ್ತಿದ್ದಳಂತೆ.

ಆಂಬ್ರೋಸ್ ಕೂರಲಾರದೆ ಕಿಟಕಿಯವರೆಗೆ ಹೋದ, ತಿರುಗಿ ಬಂದ. ಚಿತ್ರದಡಿ 'ನಮ್ಮ ಕಲಾವಿದರು ಕಣ್ಣಾರೆ ಕಂಡು ಬರೆದದ್ದು' ಎಂದು ಅಚ್ಚಾಗಿತ್ತು. ಚಿತ್ರ ಮುದ್ರಿಸುವ ಮರದ ಅಚ್ಚು ಕೆತ್ತಲು ದಿನಗಳು ಬೇಕು, ಶನಿವಾರದ ಸಂಚಿಕೆ ಯಾರಿಗೂ ಕಾಯುವುದಿಲ್ಲ. ಇನ್ನೂ ಬಿಚ್ಚದ ಪೆಟ್ಟಿಗೆ, ಹುಲ್ಲು ತುಂಬಿದ್ದ ಹಜಾರವನ್ನು ಉದ್ಘಾಟನೆಗೆ ವಾರ ಮೊದಲೇ ನೋಡಿಬಂದು, ಜನರನ್ನೆಲ್ಲ ಇದೇ ಮೇಜಿನ ಮುಂದೆ ಕೂತು ತುಂಬಿಸಿದ್ದ.

ಎದುರು ಕುಳಿತಿದ್ದ ಸಂಪಾದಕ ಕ್ರೇಲ್, ಅಷ್ಟು ಜನರಲ್ಲಿ ಒಬ್ಬಳ ನೆನಪು ಹೇಗಿರುತ್ತದೆಂದು ಹೇಳಿ ಬಾಗಿಲತ್ತ ಕೈ ತೋರಿಸಿದ. ಹೆಸ್ಟರ್ ಹಾಳೆ ಮಡಿಸಿಕೊಂಡಳು. ನಾಳೆಯೂ ಕಾರಂಜಿಯ ಹತ್ತಿರ ಹೋಗಿ ನೋಡುತ್ತೇನೆ ಎಂದಳು.

"ಅಲ್ಲಿಗೆ ಹೋಗ್ಬೇಡಿ" ಎಂದ ಆಂಬ್ರೋಸ್. "ನಿಮ್ಮ ಮಗಳು ಅಲ್ಲಿಗೆ ಬಂದಿರ್ಲಿಲ್ಲ. ಆವತ್ತು ನಾನೂ ಹೋಗಿರ್ಲಿಲ್ಲ."

"ಇನ್ನೊಂದು ಮಾತಾಡಿದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ" ಎಂದ ಕ್ರೇಲ್, ದನಿ ಏರಿಸದೆ.

ಆಂಬ್ರೋಸ್ ನಿಲ್ಲಿಸಲಿಲ್ಲ, ನಡೆದದ್ದನ್ನೆಲ್ಲ ಹೇಳಿದ. ಗುಂಪಿಗೆ ಮುಖಗಳು ಸಾಲದೆ ಬೀದಿ ಅಲೆದು, ಕಂಡಕಂಡವರನ್ನು ಗೀಚಿಕೊಂಡು ಬಂದಿದ್ದ. ಈ ಹುಡುಗಿ ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಮೇಲೆ ಸೊಪ್ಪು ಮಾರುತ್ತಿದ್ದವಳು. ಕೈಯಲ್ಲಿನ ಬುಟ್ಟಿ ಅಳಿಸಿ ರೇಷ್ಮೆ ಕೊಡೆ ಕೊಟ್ಟವನು ಇವನೇ.

ಟೋಪಿ ಎತ್ತಿಕೊಂಡು, ಜಾಗ ತೋರಿಸುತ್ತೇನೆ ಬನ್ನಿ ಎಂದ. ಕ್ರೇಲ್‌ನತ್ತ ನೋಡಲಿಲ್ಲ. ಹೆಸ್ಟರ್ ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದಳು. ಬೀದಿ ಬಾಗಿಲಲ್ಲಿ ಥಟ್ಟನೆ ನಿಂತಳು.

"ಇದ್ರಲ್ಲಿ ನಗ್ತಾ ಇದಾಳಲ್ಲ, ಸೇತುವೆ ಮೇಲೂ ನಗ್ತಿದ್ಲಾ?"

ಆಂಬ್ರೋಸ್ ತಲೆ ತಗ್ಗಿಸಿದ.

"ಇಲ್ಲ ತಾಯಿ. ನಗು ನಾನು ಹಾಕಿದ್ದು."